ಹತ್ತು ಕೈಯ ನಮ್ಮತ್ತೆ

ಮೊನ್ನೆ ಸಂಜೆ ನಮ್ಮ ಕಿರಿಯ ಮೊಮ್ಮಗಳು ಊಟಕ್ಕೆ ಕೂತಿದ್ದಳು. ಕಿವಿಗೆ ಫೋನು, ಎದುರಿಗೆ ಟಿ.ವಿ., ತೊಡೆಯ ಮೇಲೆ ಬಿಡಿಸಿಟ್ಟ ಪುಸ್ತಕ. ಸ್ವಲ್ಪ ಹೊತ್ತಿನ ಮೇಲೆ ಬರಿದಾದ ತಾಟನ್ನು ನೋಡಿ, ಹುಬ್ಬು ಗಂಟು ಹಾಕಿ, ನನ್ನನ್ನು ಕೇಳಿದಳು: “ಅಜ್ಜಿ, ನಾ ಉಂಡ್ನೇನು?”

ಉಂಡಿದ್ದಳು. ಎರಡು ರೊಟ್ಟಿ, ಎಣ್ಣೆಗಾಯಿ, ಮೇಲೆ ಒಂದು ಬಟ್ಟಲು ಮೊಸರು. ಬಡಿಸಿದವಳು ನಾನೇ. ಎಣ್ಣೆಗಾಯಿ ಹೇಗಾಗಿತ್ತು ಎಂದು ಕೇಳಬೇಕೆಂದಿದ್ದೆ. ಯಾರನ್ನು ಕೇಳುವುದು? ಉಂಡವರು ಅಲ್ಲಿ ಇರಲೇ ಇಲ್ಲವಲ್ಲ.

ನಕ್ಕುಬಿಟ್ಟೆ. ಆದರೆ ನಗುವ ಹಕ್ಕು ನನಗೂ ಇಲ್ಲ. ಹೋದ ವಾರ ನಾನು ಧಾರಾವಾಹಿ ನೋಡುತ್ತಾ ಒಲೆಯ ಮುಂದೆ ನಿಂತಿದ್ದೆ. ಅದರೊಳಗಿನ ಸೊಸೆ ಅತ್ತಳು, ನಾನು ಕಣ್ಣೊರೆಸಿಕೊಂಡು ಸಾರಿಗೆ ಉಪ್ಪು ಹಾಕಿದೆ. ಅವಳು ಮತ್ತೆ ಅತ್ತಳು, ನಾನು ಮತ್ತೆ ಹಾಕಿದೆ. ಅಂದು ಮನೆಯವರೆಲ್ಲ ಮೊಸರನ್ನದಲ್ಲೇ ಊಟ ಮುಗಿಸಿದ್ದು ನಿಮಗೆ ನೆನಪಿರಬೇಕು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಆಗ ಹೇಳದ ಮಾತನ್ನು ಈಗ ಹೇಳುತ್ತೇನೆ, ಮಕ್ಕಳೇ, ತಪ್ಪು ನನ್ನದಲ್ಲ, ಆ ಸೊಸೆಯದು.

ನಾಲ್ಕು ಜನರ ಮುಂದೆ ಮಾತಾಡಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನನ್ನ ಕನ್ನಡ ಸಂತೆಕಲ್ಲೂರಿನ ಗುಡಿಯ ಕಟ್ಟೆಯ ಮೇಲೆ ಕಲಿತದ್ದು. ಅದಕ್ಕೆ ಶಾಲೆ ಎನ್ನುತ್ತಿದ್ದೆವು. ಮಾಸ್ತರರು ಒಬ್ಬರೇ. ಅವರ ಒಂದು ಕಿವಿ ನಮ್ಮ ಮಗ್ಗಿಯ ಕಡೆಗೆ, ಒಂದು ಕಣ್ಣು ಸಣ್ಣ ಹುಡುಗರು ಮರಳಿನಲ್ಲಿ ತೀಡುವ ಅಕ್ಷರದ ಕಡೆಗೆ, ಕೈಗಳೆರಡೂ ತೊಡೆಯ ಮೇಲೆ ಹೊಸೆಯುವ ಪುಂಡಿನಾರಿನ ಹಗ್ಗದ ಕಡೆಗೆ. ಹಗ್ಗ ಬಿಗಿಯಾಗುವ ಹೊತ್ತಿಗೆ ಕಿವಿ ಸಡಿಲಾಗುತ್ತದೆಂದು ನಾವು ಬೇಗ ಕಂಡುಕೊಂಡೆವು. ಏಳರ ಮಗ್ಗಿಗೆ ಬಂದಾಗ ಬಾಯಿಗೆ ಬಂದ ಸಂಖ್ಯೆಗಳನ್ನು ರಾಗವಾಗಿ ಒದರುತ್ತಿದ್ದೆವು. ರಾಗ ತಪ್ಪದಿದ್ದರೆ ಅವರು ತಲೆ ಆಡಿಸುತ್ತಿದ್ದರು. ಅವರ ಹಗ್ಗಗಳು ಬಹಳ ಗಟ್ಟಿ ಎಂದು ಊರಲ್ಲಿ ಹೆಸರಿತ್ತು. ನನಗೆ ಏಳರ ಮಗ್ಗಿ ಇಂದಿಗೂ ಬರುವುದಿಲ್ಲ.

ಆದರೆ ಒಂದೇ ಹೊತ್ತಿಗೆ ಹಲವು ಕೆಲಸ ಮಾಡುವುದರಲ್ಲಿ ಆ ಮಾಸ್ತರರು ನಮ್ಮತ್ತೆಯ ಮುಂದೆ ಕೂಸು. ನಮ್ಮತ್ತೆ ಎಂದರೆ ನಿಮ್ಮ ಮುತ್ತಜ್ಜಿ ಗುರಮ್ಮ. ನೀವು ಅವರನ್ನು ಕಂಡಿಲ್ಲ. ದೇವರ ಕೋಣೆಯ ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ಕಂಡಿದ್ದೀರಿ. ಆ ಫೋಟೋ ತೆಗೆಯುವಾಗಲೂ ಅವರು ಯಾರಿಗೋ ಏನೋ ಹೇಳುತ್ತಿದ್ದರು, ಅದಕ್ಕೇ ಬಾಯಿ ಸ್ವಲ್ಪ ತೆರೆದುಕೊಂಡಿದೆ.

ನಿಜಾಮನ ಆಳ್ವಿಕೆ ಹೋಗಿ ಎರಡು ಮೂರು ವರ್ಷವಾಗಿರಬೇಕು, ನನ್ನನ್ನು ಮಸ್ಕಿಗೆ ಕೊಟ್ಟರು. ಈಗ ಸಿಂಧನೂರಿನಲ್ಲಿ ಬಾಗಿಲು ತೆರೆದರೆ ಭತ್ತದ ಗದ್ದೆ ನೋಡುವ ನಿಮಗೆ ಆಗಿನ ಸೀಮೆ ಹೇಗಿತ್ತೆಂದು ಹೇಳಿದರೂ ತಿಳಿಯದು. ಕಾಲುವೆ ಇನ್ನೂ ಬಂದಿರಲಿಲ್ಲ. ಜೋಳದ ಹೊಲ, ಹತ್ತಿಯ ಹೊಲ, ನಡುವೆ ಬಿಸಿಲು. ನೀರೆಂದರೆ ಓಣಿಯ ಕೊನೆಯ ಬಾವಿ. ನಲ್ಲಿ ಎಂಬ ಪದವನ್ನೇ ನಾನು ಕೇಳಿರಲಿಲ್ಲ.

ಗಂಡನ ಮನೆಗೆ ಹೋದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಬೀಸುವ ಕಲ್ಲಿನ ಮುಂದೆ ಕೂತಿದ್ದರು. ಬಲಗೈ ಕಲ್ಲು ತಿರುಗಿಸುತ್ತಿತ್ತು, ಎಡಗೈ ಜೋಳ ಹಾಕುತ್ತಿತ್ತು. ಹೆರಿಗೆಗೆ ಬಂದಿದ್ದ ನಾದಿನಿಯ ಕೂಸಿನ ತೊಟ್ಟಿಲ ಹಗ್ಗ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿತ್ತು. ಬಾಯಲ್ಲಿ ಹಾಡು, ಹಾಡಿನ ನಡುನಡುವೆ ದನಗಳಿಗೆ ಬೈಗುಳ, ಬೈಗುಳದ ನಡುವೆ ಮಾವನಿಗೆ ಇಂದು ಯಾವ ಹೊಲಕ್ಕೆ ಹೋಗಬೇಕೆಂಬ ಸಲಹೆ. ಒಂದರ ಕಾಲನ್ನು ಇನ್ನೊಂದು ತುಳಿಯುತ್ತಿರಲಿಲ್ಲ. ಓಣಿಯವರು ಅವರಿಗೆ ‘ಹತ್ತು ಕೈಯ ಗುರಮ್ಮ’ ಎನ್ನುತ್ತಿದ್ದರು. ಅತ್ತೆಗೆ ಆ ಮಾತು ಬೆಲ್ಲದಂತೆ ರುಚಿಸುತ್ತಿತ್ತು.

ಅಂಥವರಿಗೆ ಸಿಕ್ಕ ಸೊಸೆ ನಾನು. ರೊಟ್ಟಿ ಬಡಿಯಲು ಕೂತರೆ ರೊಟ್ಟಿಯನ್ನೇ ನೋಡುತ್ತಿದ್ದೆ. ಜೋಳ ಕೇರಲು ಕೂತರೆ ಯಾರು ಕರೆದರೂ ಕೇಳುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, “ಏ ಶರಣಮ್ಮ, ನೀ ರೊಟ್ಟಿ ಮಾಡಾಕತ್ತೀಯೋ, ರೊಟ್ಟಿ ಕೂಡ ಮಾತಾಡಾಕತ್ತೀಯೋ?” ಎನ್ನುತ್ತಿದ್ದರು. ಬೈಗುಳವಲ್ಲ ಅದು, ಮರುಕ. ದೇವರು ಈ ಹುಡುಗಿಗೆ ಎರಡೇ ಕೈ ಕೊಟ್ಟನಲ್ಲ ಎಂಬ ಮರುಕ.

ಒಮ್ಮೆ ಅವರಂತೆ ಆಗಬೇಕೆಂದು ನಾನೂ ಹಟ ತೊಟ್ಟೆ. ತೊಟ್ಟಿಲ ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ರೊಟ್ಟಿಗೆ ಕೂತೆ. ಕೈಗೂ ಕಾಲಿಗೂ ಒಂದೇ ತಾಳ ಬಂದುಬಿಟ್ಟಿತು. ರೊಟ್ಟಿ ಬಡಿದಷ್ಟು ಜೋರಾಗಿ ತೊಟ್ಟಿಲು ಹಾರಿತು, ಕೂಸು ಕಿರುಚಿತು. ಗಾಬರಿಯಲ್ಲಿ ಕಾಲು ಮೆಲ್ಲಗೆ ಮಾಡಿದರೆ ಕೈಯೂ ಮೆಲ್ಲಗಾಗಿ, ರೊಟ್ಟಿಯನ್ನು ಕೂಸಿನಂತೆ ತಟ್ಟತೊಡಗಿದೆ. ನಾದಿನಿ ಓಡಿ ಬಂದು ಕೂಸನ್ನು ಎತ್ತಿಕೊಂಡು, “ವೈನೀ, ರೊಟ್ಟಿ ಮಲಗೇತಿ, ಇನ್ನ ಎಬ್ಬಸಬ್ಯಾಡ್ರಿ” ಎಂದಳು. ಆ ಮಾತು ಓಣಿಯಲ್ಲಿ ಬಹಳ ದಿನ ಓಡಾಡಿತು.

ಈಗ ಎದುರು ಮನೆಯ ನೀಲಮ್ಮತ್ತೆಯ ವಿಷಯ ಹೇಳಬೇಕು. ನಮ್ಮ ಬಾಗಿಲಿಗೆ ಅವರ ಬಾಗಿಲು ನೇರ. ಕೂಲಿನಾಲಿ ಮಾಡಿ ಬದುಕುವ ಒಂಟಿ ಹೆಂಗಸು. ದಿನಕ್ಕೆ ಹತ್ತು ಸಲ ಬರುತ್ತಿದ್ದರು, ಒಲೆಗೆ ಕೆಂಡ ಬೇಕೆಂದು, ಹಾಲಿಗೆ ಹೆಪ್ಪು ಬೇಕೆಂದು. ಬರಿಗೈಯಲ್ಲಿ ಮಾತ್ರ ಎಂದೂ ಬಂದವರಲ್ಲ. ಹೊಲದಿಂದ ಒಂದು ಹಿಡಿ ಸೊಪ್ಪು, ನಾಲ್ಕು ಬಾರಿಹಣ್ಣು, ಏನಾದರೂ ಸೆರಗಿನಲ್ಲಿ ಇರುತ್ತಿತ್ತು. ಕೇಳುವುದಕ್ಕೆ ಅವರಿಗೆ ಸಂಕೋಚ. ಅದಕ್ಕೇ ಕೊಡುವವರ ಮುಖವನ್ನು ಬಹಳ ನೋಡುತ್ತಿದ್ದರು.

ಅತ್ತೆಯ ಕೆಲಸಗಳಲ್ಲಿ ಲಿಂಗಪೂಜೆಯೂ ಒಂದು. ನಿಮಗೆ ಈಗ ಅದರ ರೂಢಿ ತಪ್ಪಿದೆ, ಆದ್ದರಿಂದ ಹೇಳುತ್ತೇನೆ. ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು, ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಮಜ್ಜನ ಮಾಡಿಸಿ, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಅದನ್ನೇ ನೋಡುತ್ತಾ ಮಂತ್ರ ಹೇಳಬೇಕು. ಅದು ಮುಗಿಯುವವರೆಗೆ ತೊಟ್ಟು ನೀರೂ ಬಾಯಿಗೆ ಹೋಗುವಂತಿಲ್ಲ. ಲಿಂಗ ನೇರಳೆ ಹಣ್ಣಿನಷ್ಟು ದೊಡ್ಡದು, ಅಷ್ಟೇ ಕಪ್ಪು. ಮಠದ ಅಯ್ಯನವರು ಕಟ್ಟಿದ ದಿನದಿಂದ ಮಣ್ಣಿಗೆ ಹೋಗುವವರೆಗೂ ಮೈಯಿಂದ ಅಗಲಿಸಬಾರದು.

ಅತ್ತೆಗೆ ಭಕ್ತಿ ಕಡಿಮೆ ಇರಲಿಲ್ಲ. ಬಲಗೈ ಖಾಲಿ ಇರುವುದನ್ನು ಮಾತ್ರ ಅವರಿಂದ ತಡೆಯಲಾಗುತ್ತಿರಲಿಲ್ಲ. ಎಡಗೈಯಲ್ಲಿ ಲಿಂಗ ಇದ್ದಾಗ ಬಲಗೈ ಬತ್ತಿ ಹೊಸೆಯುತ್ತಿತ್ತು, ಅವರೆ ಸುಲಿಯುತ್ತಿತ್ತು. ಮಂತ್ರದ ನಡುವೆ “ಹಾಲು ನೋಡ್ರೇ” ಎಂದು ಸೇರುತ್ತಿತ್ತು. ಮಾವ ಒಮ್ಮೆ ಮೆಲ್ಲಗೆ, “ನಿನ್ನ ಶಿವಗ ಹಾಲು ಉಕ್ಕೂದೂ ಗೊತ್ತಾತು, ಎಮ್ಮಿ ಗಬ್ಬಾದ್ದೂ ಗೊತ್ತಾತು” ಎಂದಿದ್ದರು. ಅತ್ತೆ ನಕ್ಕಿದ್ದರು.

ಆ ದಿನ ಬೇಸಿಗೆಯ ನಡುವಿನದು. ವರ್ಷದ ಹುಣಸೆಹಣ್ಣು ಮನೆಗೆ ಬಂದಿತ್ತು. ಬೀಜ ತೆಗೆದು, ನಾರು ತೆಗೆದು, ಉಪ್ಪು ಬೆರೆಸಿ, ಉಂಡೆ ಕಟ್ಟಿ ಗಡಿಗೆಯಲ್ಲಿ ತುಂಬುವ ಕೆಲಸ. ನಾದಿನಿ ಆಗಲೇ ಗಂಡನ ಮನೆಗೆ ಹೋಗಿದ್ದಳು. ನಿಮ್ಮ ಅಜ್ಜ ಕಚೇರಿ ಕೆಲಸವೆಂದು ನಸುಕಿನಲ್ಲೇ ಲಿಂಗಸೂಗೂರಿಗೆ ಹೊರಟಿದ್ದರು. ಅತ್ತೆ ಸ್ನಾನ ಮುಗಿಸಿ, ಹುಣಸೆಹಣ್ಣಿನ ರಾಶಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಪೂಜೆಗೆ ಕೂತರು. ನಾನು ಕೊಡ ತೆಗೆದುಕೊಂಡು ಬಾವಿಗೆ ಹೋದೆ.

ತಿರುಗಿ ಬರುವ ಹೊತ್ತಿಗೆ ಮನೆಯಲ್ಲಿ ಎಲ್ಲವೂ ಆಗಿಹೋಗಿತ್ತು. ಕಣ್ಣಿ ಹರಿದುಕೊಂಡು ಎಮ್ಮೆಯ ಹಾಲಿಗೆ ಬಾಯಿ ಹಾಕಿದ್ದ ಕರುವನ್ನು ಅತ್ತೆ ಎಳೆದು ಕಟ್ಟಿದ್ದರು. ಉಕ್ಕುತ್ತಿದ್ದ ಹಾಲನ್ನು ಇಳಿಸಿದ್ದರು. ಹೊಲಕ್ಕೆ ಹೊರಟ ಮಾವನಿಗೆ ರುಮಾಲು ಹುಡುಕಿ ಕೊಟ್ಟಿದ್ದರು. ರಾಶಿಯ ಮುಂದೆ ಕೂತು ಎರಡೂ ಕೈಯಿಂದ ಹುಣಸೆ ಉಂಡೆ ಕಟ್ಟುತ್ತಿದ್ದರು. “ನೀ ಎರಡು ಕೊಡ ನೀರು ತರೂದ್ರಾಗ ನಾ ಇಷ್ಟೆಲ್ಲಾ ಮಾಡೀನಿ ನೋಡ” ಎಂದು ಹೆಮ್ಮೆಯಿಂದ ಹೇಳಿ, ಕೈ ತೊಳೆದು, ಹೊಸ ನೀರಿನ ತಂಬಿಗೆ ಎತ್ತಿದರು. ನೀರು ಕುಡಿಯುವ ಮುನ್ನ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಳ್ಳುವುದು ಅವರ ರೂಢಿ. ಮುಟ್ಟಿಕೊಂಡರು.

ಕರಡಿಗೆ ಬಾಯಿ ತೆರೆದುಕೊಂಡಿತ್ತು. ಒಳಗೆ ವಸ್ತ್ರವಿತ್ತು, ಲಿಂಗವಿರಲಿಲ್ಲ.

ತಂಬಿಗೆ ತುಟಿಯ ಹತ್ತಿರ ನಿಂತಿತು. ಆಮೇಲೆ ನಿಧಾನವಾಗಿ ಕೆಳಗೆ ಬಂತು. “ನಾ ಪೂಜಿ ಮುಗಿಸಿದ್ನೇನು?” ಎಂದು ಅತ್ತೆ ನನ್ನನ್ನೇ ಕೇಳಿದರು.

ಹುಡುಕಿದೆವು. ಸೆರಗಿನ ಗಂಟು, ಗೋಡೆಯ ಗೂಡು, ಪೂಜೆಯ ತಟ್ಟೆ. ಕೊಟ್ಟಿಗೆಯ ಕಸವನ್ನೆಲ್ಲ ಕೈಯಿಂದ ತಡಕಿದೆವು. ಒಲೆಯ ಬೂದಿಯನ್ನು ಜರಡಿ ಹಿಡಿದೆವು. ಕಟ್ಟಿಟ್ಟ ಹುಣಸೆ ಉಂಡೆಗಳನ್ನು ಒಂದೊಂದಾಗಿ ಒಡೆದು, ರಾಶಿಯನ್ನು ಬೀಜ ಬೀಜವಾಗಿ ಬಿಡಿಸಿದೆವು. ಪ್ರತಿ ಕಪ್ಪು ಬೀಜವೂ ಒಂದು ಕ್ಷಣ ಲಿಂಗದಂತೆ ಕಂಡು, ಮರುಕ್ಷಣ ಬೀಜವಾಗುತ್ತಿತ್ತು. ಹೊಲದಿಂದ ಮಾವನನ್ನು ಕರೆಸಿದೆವು. ಸುದ್ದಿ ಹಬ್ಬಿ ಓಣಿಯ ಹೆಂಗಸರು ಬಂದರು, ಅವರೂ ಹುಡುಕಿದರು.

ಎಲ್ಲರೂ ಕೇಳಿದ್ದು ಒಂದೇ ಮಾತು. ನೆನಪು ಮಾಡಿಕೊಳ್ಳಿ, ಮೊದಲು ಏನು ಮಾಡಿದಿರಿ, ಆಮೇಲೆ ಏನು ಮಾಡಿದಿರಿ? ಅತ್ತೆ ಕಣ್ಣು ಮುಚ್ಚಿ ಹೇಳತೊಡಗುತ್ತಿದ್ದರು. ಕರು ಎನ್ನುವರು, ಇಲ್ಲ ಹಾಲು ಎನ್ನುವರು. ಹಾಲು ಇಳಿಸುವಾಗ ರುಮಾಲು ಕೈಯಲ್ಲಿ ಇತ್ತಲ್ಲ, ಹಾಗಾದರೆ ರುಮಾಲು ಮೊದಲು ಎನ್ನುವರು. ಮೂರು ಸಲ ಹೇಳಿದರೆ ಮೂರು ಬಗೆ. ಕಡೆಗೆ ತಲೆ ಹಿಡಿದುಕೊಂಡು ಕೂತುಬಿಟ್ಟರು.

“ಎಲ್ಲಾ ಒಮ್ಮಿಗೇ ಮಾಡಾಕತ್ತಿದ್ದೆ. ಯಾವ್ದು ಮೊದ್ಲು, ಯಾವ್ದು ಆಮ್ಯಾಲ ಅಂತ ಎಲ್ಲಿಂದ ಹೇಳ್ಲಿ?”

ಮನೆಗೆ ಯಾರಾದರೂ ಬಂದಿದ್ದರೇ ಎಂದು ಮಾವ ಕೇಳಿದರು. ಯಾರೂ ಬಂದಿಲ್ಲವೆಂದು ಅತ್ತೆ ಆಣೆ ಮಾಡುವಂತೆ ಹೇಳಿದರು.

ಈ ಮಾತನ್ನು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ನಮ್ಮ ಕಡೆ ವಸ್ತು ಕಳೆದರೆ ನಡೆದ ದಾರಿಯಲ್ಲೇ ತಿರುಗಿ ನಡೆಯುತ್ತಾರೆ. ಅತ್ತೆಗೆ ತಿರುಗಿ ನಡೆಯಲು ದಾರಿಯೇ ಇರಲಿಲ್ಲ. ಒಂದೇ ಹೊತ್ತಿಗೆ ನಾಲ್ಕು ದಾರಿಯಲ್ಲಿ ನಡೆದವರು ಯಾವ ದಾರಿಯಲ್ಲಿ ಹಿಂದಿರುಗಬೇಕು? ಆ ಬೆಳಗು ಅವರ ಕೈಗಳಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಬಿಸಿಲು ಏರಿತು. ಅತ್ತೆ ನೀರು ಮುಟ್ಟಲಿಲ್ಲ. ಅವರು ಮುಟ್ಟದ ಮೇಲೆ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಮಸ್ಕಿಯ ಬೇಸಿಗೆ ನಿಮಗೆ ಗೊತ್ತೇ ಇದೆ, ಗುಡ್ಡದ ಬಂಡೆಗಳು ಕಾದು ಊರಿಗೆ ಹಂಚಿನಂತೆ ಝಳ ಹೊಡೆಯುತ್ತವೆ. ಅತ್ತೆಯ ತುಟಿ ಒಣಗಿ ಬೆಳ್ಳಗಾಯಿತು. ಬಾಗಿಲ ಹತ್ತಿರ ಕೂತಿದ್ದ ಮುದುಕಿಯೊಬ್ಬಳು, ಹಿಂದೆ ಯಾವುದೋ ಊರಲ್ಲಿ ಹೀಗೆ ಲಿಂಗ ಕಳೆದುಕೊಂಡವರೊಬ್ಬರು ಹಾಸಿಗೆ ಹಿಡಿದು ನೀರಿಲ್ಲದೆ ಪ್ರಾಣ ಬಿಟ್ಟರಂತೆ ಎಂದು ಪಿಸುಗುಟ್ಟಿದಳು. ಪಿಸುಮಾತೇ ದೂರ ಕೇಳಿಸುವುದು. ನನಗೂ ಕೇಳಿಸಿತು, ಅತ್ತೆಗೂ ಕೇಳಿಸಿತು. ಅತ್ತೆಯ ಹಟ ನನಗೆ ಗೊತ್ತಿತ್ತು.

ಮಾವ ಅವರ ಹತ್ತಿರ ಕೂತು, “ನೀ ಮೊದ್ಲು ನೀರು ಕುಡಿ. ಅಯ್ಯಾರಿಗೆ ಹೇಳಿ ಬ್ಯಾರೆ ಕಟ್ಟಸ್ತೀನಿ” ಎಂದರು.

“ಒಡದ್ರ ಇನ್ನೊಂದು ಇಡಿಸ್ಕೊಳ್ಳಾಕ ಅದೇನು ಬಳಿ ಏನ್ರಿ?” ಎಂದರು ಅತ್ತೆ. ಮಾವ ಎದ್ದು ಹೊರಗೆ ಹೋದರು. ಅವರ ಕಣ್ಣು ತೇವವಾದದ್ದನ್ನು ನಾನು ನೋಡಿದೆ, ನೋಡದವಳಂತೆ ಸೆರಗು ಎಳೆದುಕೊಂಡೆ.

ಮಧ್ಯಾಹ್ನ ಇಳಿಯುವಾಗ ಮಠದ ಅಯ್ಯನವರು ಬಂದರು. ವಯಸ್ಸಾದವರು, ಸಾವಕಾಶದ ಮನುಷ್ಯ. ಸಂಪ್ರದಾಯದಲ್ಲಿ ಇದಕ್ಕೂ ದಾರಿಯುಂಟು, ನಾಳೆ ಬೇರೆ ಲಿಂಗ ಕಟ್ಟುತ್ತೇನೆ, ಹಟ ಬೇಡ ಎಂದು ಅವರೂ ಹೇಳಿದರು. ಅತ್ತೆ ತಲೆ ಅಲ್ಲಾಡಿಸಿದರು. ಬಾಯಿ ಆಡದಿದ್ದರೂ ಕೈ ಆಡುತ್ತಲೇ ಇತ್ತು. ಒಡೆದ ಹುಣಸೆಯನ್ನು ಮತ್ತೊಮ್ಮೆ ತಡಕುವುದು, ಮಣೆ ಎತ್ತಿ ನೋಡುವುದು, ಕೂತಲ್ಲೇ ನೆಲ ಸವರುವುದು. ಅಯ್ಯನವರು ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತರು.

“ತಾಯಿ, ಹುಡಿಕಿದ್ದು ಸಾಕು. ಒಂದೀಟು ಸುಮ್ನ ಕುಂದ್ರಿ.”

“ಸುಮ್ನ ಕುಂದ್ರೂದು ನನಗ ಬರಂಗಿಲ್ರಿ ಅಯ್ಯಾರ.”

“ಬರದಿದ್ರ ಇವತ್ತು ಕಲೀರಿ” ಎಂದು ಹೇಳಿ ಅವರು ಎದ್ದರು. ಹೋಗುತ್ತಾ ಓಣಿಯ ಹೆಂಗಸರನ್ನೂ ಎಬ್ಬಿಸಿಕೊಂಡು ಹೋದರು.

ಮನೆ ಖಾಲಿಯಾಯಿತು. ಅತ್ತೆ ಕಂಬಕ್ಕೆ ಒರಗಿ ಕೂತರು. ನಾನು ಆ ಮನೆಗೆ ಬಂದಾಗಿನಿಂದ ಅವರ ಕೈಗಳು ಏನನ್ನೂ ಹಿಡಿಯದೆ ಇದ್ದದ್ದನ್ನು ನೋಡಿರಲಿಲ್ಲ. ಈಗ ಎರಡೂ ಕೈ ಮಡಿಲಲ್ಲಿ ಬಿದ್ದಿದ್ದವು, ಬೇರೆ ಊರಿಂದ ಬಂದ ಬೀಗರ ಹಾಗೆ, ಏನು ಮಾಡಬೇಕೆಂದು ತೋಚದೆ. ಮೊದಮೊದಲು ಬೆರಳುಗಳು ತಾವಾಗಿ ಮಿಡುಕುತ್ತಿದ್ದವು. ಆಮೇಲೆ ಅದೂ ನಿಂತಿತು. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಓಣಿಯಲ್ಲಿ ಯಾರೋ ಮೊರ ಬಡಿಯುವ ಸದ್ದು. ಅತ್ತೆ ಆ ಸದ್ದುಗಳನ್ನು ಹೊಸದಾಗಿ ಕೇಳಿದವರಂತೆ ಕಿವಿಗೊಟ್ಟಿದ್ದರು.

ಎಷ್ಟೋ ಹೊತ್ತಿನ ಮೇಲೆ ಮಾತಾಡಿದರು. ನಾಲಿಗೆ ಒಣಗಿದ್ದರಿಂದ ಮಾತು ತಡೆದು ತಡೆದು ಬರುತ್ತಿತ್ತು.

“ಶರಣಮ್ಮ, ಮುಂಜಾನಿ ಬಾಗಲ್ದಾಗ ಯಾರೋ ನಿಂತಿದ್ರು. ಹಸರ ಸೀರಿ ಕಾಣಾಕತ್ತೈತಿ. ಕೆಂಪು ದಡಿ. ಮಾರಿ ಕಾಣವಲ್ದು.” ಬಾಗಿಲ ಕಡೆ ತಿರುಗಿ, “ನಾ ಮ್ಯಾಲ ನೋಡೇ ಇಲ್ಲೇನೋ” ಎಂದರು.

ಅವರು ತೆರೆದ ಬಾಗಿಲಿನಿಂದ ಎದುರು ಮನೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

“ಓಣಿ ಮಂದಿ ಎಲ್ಲಾ ಬಂದು ಹೋದ್ರು. ನೀಲಮ್ಮ ಯಾಕ ಬರಲಿಲ್ಲ?”

ನಿಜವಾಗಿ ನನಗೂ ಅದು ಹೊಳೆದಿರಲಿಲ್ಲ. ದಿನಕ್ಕೆ ಹತ್ತು ಸಲ ಬರುವವರು ಆ ಗದ್ದಲದ ದಿನ ಒಮ್ಮೆಯೂ ಬಂದಿರಲಿಲ್ಲ. “ಹೋಗಿ ಕರಕೊಂಡು ಬಾ” ಎಂದರು ಅತ್ತೆ.

ಓಣಿ ದಾಟುವುದು ಎಷ್ಟು ದೂರ? ನಾಲ್ಕು ಹೆಜ್ಜೆ. ಆದರೆ ನಾನು ಒಬ್ಬಳೇ ಯಾರ ಮನೆಗೂ ಹೋದವಳಲ್ಲ, ಹಿರಿಯರ ಮುಂದೆ ಬಾಯಿ ತೆರೆದವಳಲ್ಲ. ಬಾಗಿಲು ತಳ್ಳಿದೆ. ನೀಲಮ್ಮತ್ತೆ ಒಳಂಗಳದಲ್ಲಿ ಜೋಳ ಕೇರುತ್ತಿದ್ದರು. ಹಸಿರು ಸೀರೆ, ಕೆಂಪು ದಡಿ. ತಲೆ ಎತ್ತಲಿಲ್ಲ.

“ಏನು, ನಿಮ್ಮತ್ತಿ ಕಳಿಸ್ಯಾಳೇನು? ಎಡಗೈಯಾಗ ಕೊಟ್ಟದ್ದು ಸಾಲಲಿಲ್ಲ ಅಂತ ಇನ್ನೊಂದೀಟು ಕಳಿಸ್ಯಾಳೇನು?”

ನನಗೆ ತಲೆಬುಡ ತಿಳಿಯಲಿಲ್ಲ. ನೀಲಮ್ಮತ್ತೆ ಮೊರ ಬಡಿಯುತ್ತಲೇ ತಮ್ಮ ನೋವನ್ನು ಹೇಳಿಕೊಂಡರು. ಬೆಳಿಗ್ಗೆ ಸಾರಿಗೆ ಹುಣಸೆಹಣ್ಣು ಕೇಳಲು ಬಂದಿದ್ದರು. ಅತ್ತೆ ಆಗ ಬಲಗೈಯಲ್ಲಿ ರುಮಾಲು ಹಿಡಿದು ಒಳಗೆ ಮಾವನ ಜೊತೆ ಮಾತಾಡುತ್ತಾ, ಕಣ್ಣು ಒಲೆಯ ಮೇಲೆ ಇಟ್ಟು, ಎಡಗೈಯಲ್ಲಿ ರಾಶಿಯಿಂದ ಒಂದು ಮುದ್ದೆ ಹುಣಸೆ ಅಮುಕಿ ತೆಗೆದು ಇವರ ಕೈಗೆ ಹಾಕಿದ್ದರು. ಬಾ ಎನ್ನಲಿಲ್ಲ, ಮುಖ ನೋಡಲಿಲ್ಲ. ನಮ್ಮ ಕಡೆ ಎಡಗೈಯಲ್ಲಿ ಯಾರೂ ಏನನ್ನೂ ಕೊಡುವುದಿಲ್ಲ. ಹಗೆಗೂ ಕೊಡುವುದಿಲ್ಲ.

“ಇಷ್ಟು ವರ್ಷ ಕೇಳಿ ಇಸ್ಕೊಂಡೀನಿ. ಇವತ್ತು ಭಿಕ್ಷಾ ಹಾಕಿಸ್ಕೊಂಡಂಗಾತು. ಏನೋ ಕಳದೈತಂತ ಕೇಳೀನಿ. ಬಂದ್ರ ನಾನ ಕದ್ದೀನಿ ಅಂದಾರು ಅಂತ ಬಾಗ್ಲಾ ಹಾಕ್ಕೊಂಡು ಕುಂತೀನಿ.”

ಎಡಗೈ ಎಂಬ ಮಾತು ನನ್ನೊಳಗೆ ಆಗ ಕೂತಿತು. ಪೂಜೆ ಮಾಡುವವರ ಎಡಗೈ. ಹೇಗೋ ಹೇಳಿದೆ: “ಅತ್ತಿ ಲಿಂಗ ಕಳದೈತ್ರಿ. ಮುಂಜಾನಿಂದ ನೀರು ಮುಟ್ಟಿಲ್ಲ. ಎಡಗೈಯಾಗ ಲಿಂಗ ಇತ್ರಿ.”

ಮೊರ ನಿಂತಿತು. ನೀಲಮ್ಮತ್ತೆ ನನ್ನ ಮುಖ ನೋಡಿದರು, ಆಮೇಲೆ ಗೋಡೆಯ ಗೂಡಿನ ಕಡೆ ನೋಡಿದರು. ಸಿಟ್ಟಿನಲ್ಲಿ ಅವರು ಆ ಹುಣಸೆಯನ್ನು ಸಾರಿಗೆ ಹಾಕಿರಲಿಲ್ಲ. ಮುತ್ತುಗದ ಎಲೆಯ ಮೇಲೆ ಹಾಗೇ ಇಟ್ಟಿದ್ದರು, ಸಂಜೆ ತಿರುಗಿ ಒಯ್ದು ಅತ್ತೆಯ ಮುಂದೆ ಒಗೆಯಬೇಕೆಂದು. ಆ ಸಿಟ್ಟು ಒಂದು ಗಳಿಗೆ ಕಡಿಮೆ ಇದ್ದಿದ್ದರೆ ಏನಾಗುತ್ತಿತ್ತೋ ನನಗೆ ಯೋಚಿಸಲೂ ಭಯ.

“ಒಡದು ನೋಡ್ರಿ” ಎಂದೆ.

“ನಾ ಒಡಿಯಂಗಿಲ್ಲ. ಆಕಿನ ಒಡೀಲಿ” ಎಂದು ಅವರು ಎಲೆಯ ಸಮೇತ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ತುಂಬಿದ ಬಟ್ಟಲು ಹಿಡಿದವರಂತೆ ಓಣಿ ದಾಟಿದರು.

ಅತ್ತೆ ಕಂಬಕ್ಕೆ ಒರಗಿಯೇ ಇದ್ದರು. ನೀಲಮ್ಮತ್ತೆ ಎಲೆಯನ್ನು ಅವರ ಮುಂದೆ ಇಟ್ಟು, “ಅಕ್ಕ, ಇದು ನೀ ಕೊಟ್ಟದ್ದು” ಎಂದರು.

“ನಾ ಯಾವಾಗ ಕೊಟ್ಟೆ?”

ಅತ್ತೆ ಕಪಟದಿಂದ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ನೀಲಮ್ಮತ್ತೆಗೆ ತಿಳಿಯಿತು. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಅವರ ಬಾಯಲ್ಲೇ ಕರಗಿತೆಂದು ಕಾಣುತ್ತದೆ. ಅತ್ತೆಯ ಪಕ್ಕದಲ್ಲಿ ಕೂತು, “ಒಡಿ” ಎಂದಷ್ಟೇ ಹೇಳಿದರು.

ಅತ್ತೆ ಮುದ್ದೆಯನ್ನು ಎರಡು ಹೆಬ್ಬೆರಳಿಂದ ಬಿಡಿಸಿದರು. ಕೆಂಪು ಹಣ್ಣಿನ ನಡುವೆ, ನಾರಿನಲ್ಲಿ ಸಿಕ್ಕಿಕೊಂಡು, ಕಪ್ಪಗೆ, ದುಂಡಗೆ ಲಿಂಗವಿತ್ತು. ಅದರ ಮೈಗೆ ಅಂಟಿದ ಬಿಲ್ವದ ಎಲೆ ಇನ್ನೂ ಹಸಿರಾಗಿತ್ತು.

ಯಾರೂ ಕೂಗಲಿಲ್ಲ. ಮಾವ ಬಾಗಿಲಲ್ಲಿ ಬಂದು ನಿಂತು ಕೈ ಮುಗಿದರು. ಅತ್ತೆ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನೀಲಮ್ಮತ್ತೆಯ ಮುಖವನ್ನು ನೋಡಿದರು. ಹಣೆ, ಕಣ್ಣು, ಗಲ್ಲ, ಎಲ್ಲವನ್ನೂ ಒಂದೊಂದಾಗಿ ನೋಡಿದರು.

“ನೀಲಮ್ಮ, ಲಿಂಗ ಕಳದದ್ದಾದ್ರೂ ನನಗ ತಿಳೀತು. ನೀ ಬಂದದ್ದು ತಿಳೀಲಿಲ್ಲ ನೋಡ.”

ನೀಲಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಡಗೈಯಾಗ ಕೊಟ್ಟಿ ಅಂತ ಉರಕೊಂಡು ಕುಂತಿದ್ದೆ. ಕೊಟ್ಟದ್ದು ಶಿವನ್ನ ಅಂತ ನನಗೇನು ಗೊತ್ತು” ಎಂದರು. ಇಬ್ಬರೂ ನಕ್ಕರು. ಅತ್ತೆಯ ನಗೆಗೆ ಸದ್ದಿರಲಿಲ್ಲ, ಗಂಟಲು ಅಷ್ಟು ಒಣಗಿತ್ತು.

ಇದಾದ ಮೇಲೆ ಅತ್ತೆ ಪೂರಾ ಬದಲಾದರು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಸಂಸಾರ ದೊಡ್ಡದು, ಕೆಲಸ ಬೆಟ್ಟದಷ್ಟು. ಕೂಸು ಅತ್ತರೆ ರೊಟ್ಟಿ ಬಿಟ್ಟು ಏಳಲಾಗದು, ರೊಟ್ಟಿ ಸೀದರೆ ಕೂಸು ಬಿಡಲಾಗದು. ಹೆಂಗಸರ ಕೈಗೆ ಒಂದೊಂದೇ ಕೆಲಸದ ಭಾಗ್ಯ ಯಾವ ಕಾಲದಲ್ಲಿತ್ತು? ಮುಂದೆ ನನಗೂ ಮೂರು ಮಕ್ಕಳಾದ ಮೇಲೆ ತೊಟ್ಟಿಲ ಹಗ್ಗ ಹೆಬ್ಬೆರಳಿಗೆ ತಾನಾಗಿ ಬಂತು. ಆದರೆ ಅಂದಿನಿಂದ ಅತ್ತೆ ಪೂಜೆಗೆ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದರು. ಬಾಗಿಲಿಗೆ ಯಾರಾದರೂ ಬಂದರೆ ಕೈಯ ಕೆಲಸ ಕೆಳಗಿಟ್ಟು, ತಲೆ ಎತ್ತಿ, “ಬಾ” ಎಂದ ಮೇಲೆಯೇ ಮುಂದಿನ ಮಾತು. ಅಷ್ಟು ಮಾತ್ರ ಬದಲಾಯಿತು. ಅಷ್ಟು ಸಣ್ಣದೇನೂ ಅಲ್ಲ ಎಂದು ನನಗೆ ಈಗ ತಿಳಿಯುತ್ತದೆ.

ಆ ಸಂಜೆಯ ಮಾತು ಇನ್ನೂ ಸ್ವಲ್ಪ ಉಳಿದಿದೆ. ಲಿಂಗ ಸಿಕ್ಕ ಕೂಡಲೇ ಮಾವ ನೀರಿನ ತಂಬಿಗೆ ತಂದರು. ಅತ್ತೆ ಕೈ ಅಡ್ಡ ಮಾಡಿದರು. ಎದ್ದು, ಗೋಡೆ ಹಿಡಿದು ನಡೆದು, ಮತ್ತೆ ಸ್ನಾನ ಮಾಡಿ ಬಂದು ಪೂಜೆಗೆ ಕೂತರು. ಬೆಳಗಿನದು ಪೂಜೆಯೇ ಅಲ್ಲ ಎಂದರು. ಕೊಟ್ಟಿಗೆಯಲ್ಲಿ ಕರು ಕೂಗಿತು. ಹಿಂಡುವ ಹೊತ್ತು ಮೀರಿತ್ತು. ನಾನು ಅತ್ತೆಯನ್ನು ನೋಡಿದೆ, ಅವರ ಬಲಗೈ ಮೊಣಕಾಲ ಮೇಲೆ ಇತ್ತು, ಅಲ್ಲಾಡಲಿಲ್ಲ. ನೀಲಮ್ಮತ್ತೆ ಸದ್ದಿಲ್ಲದೆ ಎದ್ದು ಹೋಗಿ ಎಮ್ಮೆ ಹಿಂಡಿಕೊಂಡು ಬಂದರು.

ಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು, ಮುಚ್ಚಳ ಒತ್ತಿ, ಅತ್ತೆ ನನ್ನ ಕಡೆ ಕೈ ಚಾಚಿದರು. ನಾನು ತಂಬಿಗೆ ಕೊಟ್ಟೆ. ಅವರು ಯಾವಾಗಲೂ ನೀರನ್ನು ನಡೆಯುತ್ತಾ, ಮಾತಾಡುತ್ತಾ, ಇನ್ನೊಂದು ಕೈಯಲ್ಲಿ ಕಸಬರಿಗೆ ಹಿಡಿದು ಗಂಟಲಿಗೆ ಸುರಿದುಕೊಳ್ಳುವವರು. ಅಂದು ಕೂತುಕೊಂಡು, ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಕಣ್ಣು ಮುಚ್ಚಿ ಕುಡಿದರು. ಗುಟುಕು ಗುಟುಕಾಗಿ ಇಳಿಯುವುದು ಅವರ ಕೊರಳಲ್ಲಿ ಕಾಣುತ್ತಿತ್ತು. ಕುಡಿದು ಮುಗಿಸಿ, ತಂಬಿಗೆಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಕೇಳಿದರು:

“ಶರಣಮ್ಮ, ಈ ನೀರು ಯಾವ ಬಾವಿದು? ಭಾಳ ಸಿಹಿ ಅದಾವಲ್ಲ.”

ಮದುವೆಯಾಗಿ ಬಂದ ದಿನದಿಂದ ಅವರು ಕುಡಿಯುತ್ತಿದ್ದುದು ಅದೇ ಬಾವಿಯ ನೀರು.